ಬಲ ಒಂದೇ, ವೇಗೋತ್ಕರ್ಷ ಬೇರೆ: ಎರಡು ಚಾರ್ಜ್‌ಗಳ ಲೆಕ್ಕದಲ್ಲಿ 6.93 ಯಾಕೆ ತಪ್ಪು?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಒಂದು ಲೆಕ್ಕ ತಲೆ ತಿನ್ನುತ್ತಿದೆ. ಘರ್ಷಣೆ ಇಲ್ಲದ ಮೇಜಿನ ಮೇಲೆ ಎರಡು ಸಣ್ಣ ಗುಂಡುಗಳಿವೆ, ನಡುವಿನ ದೂರ 30 ಸೆಂ.ಮೀ. ಒಂದರ ಚಾರ್ಜ್ +2 ಮೈಕ್ರೋಕೂಲಂ, ದ್ರವ್ಯರಾಶಿ 5 ಗ್ರಾಂ. ಇನ್ನೊಂದರ ಚಾರ್ಜ್ +3 ಮೈಕ್ರೋಕೂಲಂ, ದ್ರವ್ಯರಾಶಿ 10 ಗ್ರಾಂ. ಎರಡನ್ನೂ ಒಟ್ಟಿಗೆ ಬಿಟ್ಟಾಗ ಬಲ ಎಷ್ಟು, ವೇಗೋತ್ಕರ್ಷ ಎಷ್ಟು, ದೂರ 60 ಸೆಂ.ಮೀ. ಆದಾಗ ಹಗುರ ಗುಂಡಿನ ವೇಗ ಎಷ್ಟು? ನನಗೆ ಬಲ 0.6 ನ್ಯೂಟನ್ ಬಂತು, ಹಗುರ ಗುಂಡಿನ ವೇಗೋತ್ಕರ್ಷ 120 ಬಂತು. ಆ ಗುಂಡು 20 ಸೆಂ.ಮೀ. ಸರಿಯುತ್ತದೆ ಅಂತ ಲೆಕ್ಕ ಹಾಕಿ ವೇಗ 6.93 ಬರೆದೆ. ಕೊಟ್ಟಿರುವ ಉತ್ತರ 4.9. ತಪ್ಪು ಎಲ್ಲಿದೆ? ನನ್ನ ಗೆಳತಿ ಬೇರೆ, 3 ಮೈಕ್ರೋಕೂಲಂ ಜಾಸ್ತಿ ತಳ್ಳುತ್ತೆ, ಎರಡಕ್ಕೂ ಒಂದೇ 0.6 ಹಾಕಿದ್ದೇ ತಪ್ಪು ಅಂತಾಳೆ. ಹೌದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ 0.6 ನ್ಯೂಟನ್ ಸರಿ. 120 ಸರಿ. ಹಗುರ ಗುಂಡು 20 ಸೆಂ.ಮೀ. ಸರಿಯುತ್ತದೆ ಅನ್ನುವುದೂ ಸರಿ, ಬಹಳ ಜನ ಅಲ್ಲೇ ಎಡವುತ್ತಾರೆ, ನೀವು ಎಡವಿಲ್ಲ. ಗೆಳತಿ ಹೇಳಿದ್ದು ಸರಿಯಲ್ಲ. ತಪ್ಪಿರುವುದು ಒಂದೇ ಕಡೆ: ಆ 120 ಅನ್ನು ಕೊನೆಯವರೆಗೂ 120 ಆಗಿಯೇ ಇರುತ್ತೆ ಅಂತ ಇಟ್ಟುಕೊಂಡಿದ್ದೀರಿ. ಅದು ಬಿಟ್ಟ ಆ ಕ್ಷಣದ ಸಂಖ್ಯೆ ಅಷ್ಟೇ. ಗುಂಡು ಒಂದು ಕೂದಲೆಳೆಯಷ್ಟು ಸರಿದರೂ ಅದು 120 ಆಗಿ ಉಳಿಯುವುದಿಲ್ಲ.

ಈಗ ಒಂದೊಂದಾಗಿ ನೋಡೋಣ. ಬಲದಿಂದ ಶುರು ಮಾಡೋಣ, ಯಾಕೆಂದರೆ ಅದರಲ್ಲೇ ಎಲ್ಲ ಅಡಗಿದೆ.

ಎರಡು ಚಾರ್ಜ್‌ಗಳ ನಡುವಿನ ಬಲ ಅಂದರೆ ಎರಡೂ ಚಾರ್ಜ್‌ಗಳ ಗುಣಲಬ್ಧವನ್ನು ದೂರದ ವರ್ಗದಿಂದ ಭಾಗಿಸಿ, 9 × 10⁹ ಅನ್ನುವ ಸ್ಥಿರಾಂಕದಿಂದ ಗುಣಿಸಿದ್ದು. ಸರಿಯಾದ ಬೆಲೆ 8.99 × 10⁹, ಪರೀಕ್ಷೆಗೆ 9 ಸಾಕು. ಫ್ರಾನ್ಸಿನ ಎಂಜಿನಿಯರ್ ಕೂಲಂ 1785ರಲ್ಲಿ ತೆಳು ತಂತಿಯ ತಿರುಚುವಿಕೆಯನ್ನು ಅಳೆದು ಈ ನಿಯಮ ಪ್ರಕಟಿಸಿದರು. ಅವರಿಗಿಂತ ಮೊದಲೇ ಇಂಗ್ಲೆಂಡಿನ ಕ್ಯಾವೆಂಡಿಶ್ ಇದನ್ನು ಕಂಡುಕೊಂಡಿದ್ದರು, ಆದರೆ ಪ್ರಕಟಿಸದೆ ಹಾಗೇ ಇಟ್ಟಿದ್ದರು. ಆ ಬರಹಗಳನ್ನು ಮ್ಯಾಕ್ಸ್‌ವೆಲ್ ಹೊರಗೆ ತಂದದ್ದು 1879ರಲ್ಲಿ. ಅಷ್ಟೊತ್ತಿಗೆ ನಿಯಮಕ್ಕೆ ಕೂಲಂ ಹೆಸರು ಅಂಟಿಕೊಂಡಾಗಿತ್ತು.

ನಿಮ್ಮ ಲೆಕ್ಕ ಹೀಗೆ:

ಬಲ = 9 × 10⁹ × (2 × 10⁻⁶) × (3 × 10⁻⁶) ÷ (0.3)² = 0.054 ÷ 0.09 = 0.6 ನ್ಯೂಟನ್

ಇಲ್ಲಿ ಆ 0.054 ಅನ್ನುವ ಸಂಖ್ಯೆಯನ್ನು ಒಂದು ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಸ್ಥಿರಾಂಕ ಮತ್ತು ಎರಡು ಚಾರ್ಜ್‌ಗಳ ಗುಣಲಬ್ಧ ಅದು. ಗುಂಡುಗಳು ಎಲ್ಲಿಗೆ ಓಡಿದರೂ ಅದು ಬದಲಾಗಲ್ಲ, ಬದಲಾಗುವುದು ದೂರ ಮಾತ್ರ. ಮುಂದೆ ಇದೇ ಸಂಖ್ಯೆ ನಾಲ್ಕೈದು ಸಲ ಬೇಕಾಗುತ್ತೆ.

ಘಟಕಗಳ ಬಗ್ಗೆ ಜಾಸ್ತಿ ಹೇಳಲ್ಲ, ನೀವು ಸರಿಯಾಗಿ ಮಾಡಿದ್ದೀರಿ. ಒಂದು ಮಾತು ಮಾತ್ರ: ಸೆಂಟಿಮೀಟರನ್ನು ಮೀಟರ್ ಮಾಡದೆ 30ರ ವರ್ಗ ಹಾಕಿದರೆ ಉತ್ತರ 100 ಪಟ್ಟಲ್ಲ, 10,000 ಪಟ್ಟು ಕಡಿಮೆ ಬರುತ್ತದೆ, ಯಾಕೆಂದರೆ ದೂರ ವರ್ಗದಲ್ಲಿದೆ. ಚಾರ್ಜ್ ಎರಡಿವೆ, ಹಾಗಾಗಿ ಮೈಕ್ರೋದ 10⁻⁶ ಎರಡು ಸಲ ಬರಬೇಕು. ಗ್ರಾಂ ಕಿಲೋಗ್ರಾಂ ಆಗಬೇಕು. ಸಿಇಟಿ, ನೀಟ್‌ನಂಥ ಪರೀಕ್ಷೆಗಳಲ್ಲಿ ಭೌತಶಾಸ್ತ್ರ ಚೆನ್ನಾಗಿ ಗೊತ್ತಿರುವ ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ ಜಾಸ್ತಿ, ಅದು ನನಗೆ ನಿಜವಾಗಿ ಬೇಸರ ತರಿಸುತ್ತದೆ.

ಈಗ ಗೆಳತಿಯ ವಾದ. 3 ಮೈಕ್ರೋಕೂಲಂ ಗುಂಡು 2 ಮೈಕ್ರೋಕೂಲಂ ಗುಂಡನ್ನು ಜಾಸ್ತಿ ತಳ್ಳುತ್ತೆ, ವಾಪಸ್ ಬರುವ ಬಲ ಕಡಿಮೆ ಅನ್ನುವುದು ಆಕೆಯ ಮಾತು. ಸೂತ್ರವನ್ನೇ ಇನ್ನೊಮ್ಮೆ ನೋಡಿ. ಅದರಲ್ಲಿ ಇರುವುದು 2 × 3. ಅದನ್ನು 3 × 2 ಅಂತ ಬರೆದರೂ 6. ತಳ್ಳುವವರು ಯಾರು, ತಳ್ಳಿಸಿಕೊಳ್ಳುವವರು ಯಾರು ಅಂತ ಸೂತ್ರ ಕೇಳುವುದೇ ಇಲ್ಲ. ಬಲ ಅನ್ನುವುದು ಒಂದು ಗುಂಡಿನ ಸೊತ್ತಲ್ಲ, ಜೋಡಿಯದ್ದು. ನ್ಯೂಟನ್ನನ ಮೂರನೇ ನಿಯಮ ಹೇಳುವುದೂ ಅದನ್ನೇ. ಹರಿಗೋಲಿನಿಂದ ದಡಕ್ಕೆ ಜಿಗಿದರೆ ನಾವು ಮುಂದಕ್ಕೆ ಹೋಗುತ್ತೇವೆ, ಹರಿಗೋಲು ಹಿಂದಕ್ಕೆ ಸರಿಯುತ್ತದೆ. ಯಾರು ಎಷ್ಟು ಸರಿಯುತ್ತಾರೆ ಅನ್ನುವುದು ತೂಕದ ಮಾತು, ತಳ್ಳಾಟ ಮಾತ್ರ ಎರಡೂ ಕಡೆ ಒಂದೇ.

ಹಾಗಿದ್ದರೂ ಗೆಳತಿಗೆ ಹಾಗೆ ಅನ್ನಿಸಿದ್ದು ಯಾಕೆ ಅನ್ನುವುದು ನನಗೆ ಗೊತ್ತಾಗುತ್ತದೆ. ಈ ಲೆಕ್ಕದ ಸಂಖ್ಯೆಗಳೇ ಹಾಗಿವೆ. ವೇಗೋತ್ಕರ್ಷ ಅಂದರೆ ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದ್ದು:

ಹಗುರ ಗುಂಡು: 0.6 ÷ 0.005 = 120 ಮೀ/ಸೆ²
ಭಾರದ ಗುಂಡು: 0.6 ÷ 0.010 = 60 ಮೀ/ಸೆ²

ಕಡಿಮೆ ಚಾರ್ಜ್ ಇರುವ ಗುಂಡೇ ಜಾಸ್ತಿ ವೇಗವಾಗಿ ಓಡುತ್ತಿದೆ. ನೋಡಿದವರಿಗೆ, ಓಹೋ, ದೊಡ್ಡ ಚಾರ್ಜ್ ಇದನ್ನು ಜೋರಾಗಿ ತಳ್ಳಿತು ಅಂತ ಅನ್ನಿಸುವುದು ಸಹಜ. ಪರೀಕ್ಷೆ ಮಾಡುವುದು ಸುಲಭ. ಚಾರ್ಜ್ ಹಾಗೇ ಇಟ್ಟು ದ್ರವ್ಯರಾಶಿಗಳನ್ನು ಅದಲು ಬದಲು ಮಾಡಿ. ಈಗ 3 ಮೈಕ್ರೋಕೂಲಂ ಗುಂಡು 5 ಗ್ರಾಂ. ಬಲ ಆಗಲೂ 0.6. ಆದರೆ 120 ಈಗ ಜಾಸ್ತಿ ಚಾರ್ಜ್ ಇರುವ ಗುಂಡಿಗೆ ಹೋಯಿತು. ಅಂದರೆ 120ಕ್ಕೂ 60ಕ್ಕೂ ವ್ಯತ್ಯಾಸ ತಂದದ್ದು ಚಾರ್ಜ್ ಅಲ್ಲ, ದ್ರವ್ಯರಾಶಿ. ಗೆಳತಿಗೆ ಇದನ್ನೇ ಕಾಗದದ ಮೇಲೆ ಮಾಡಿ ತೋರಿಸಿ.

ಇನ್ನು 6.93ರ ಕಥೆಗೆ ಬರೋಣ.

ವೇಗದ ವರ್ಗ = 2 × ವೇಗೋತ್ಕರ್ಷ × ಸರಿದ ದೂರ. "ವಿ ಸ್ಕ್ವೇರ್ ಈಕ್ವಲ್ ಟು ಟೂ ಎ ಎಸ್" ಅಂತ ಎಲ್ಲರ ಬಾಯಲ್ಲೂ ಇರುವ ಸೂತ್ರ. ನೀವು 2 × 120 × 0.2 = 48 ಮಾಡಿ ವರ್ಗಮೂಲ ತೆಗೆದಿರಿ, 6.93 ಬಂತು. ಗುಣಾಕಾರ ಸರಿ. ಆದರೆ ಈ ಸೂತ್ರ ಹುಟ್ಟಿದ್ದೇ ವೇಗೋತ್ಕರ್ಷ ಬದಲಾಗದೆ ಇದ್ದಾಗ ಅನ್ನುವ ಷರತ್ತಿನ ಮೇಲೆ. ಮಹಡಿಯಿಂದ ಕಲ್ಲು ಬಿಟ್ಟಾಗ ಅದು ನಡೆಯುತ್ತದೆ, ಯಾಕೆಂದರೆ ನಾಲ್ಕು ಮೀಟರ್ ಕೆಳಗೆ ಬಂದರೆ ಭೂಮಿಯ ಕೇಂದ್ರದಿಂದ ಇರುವ 6,400 ಕಿ.ಮೀ. ದೂರದಲ್ಲಿ ಏನೂ ಬದಲಾದ ಹಾಗೆ ಆಗಲ್ಲ. ಇಲ್ಲಿ ಹಾಗಲ್ಲ, ದೂರವೇ ದುಪ್ಪಟ್ಟಾಗುತ್ತಿದೆ.

0.054 ಅನ್ನು ದೂರದ ವರ್ಗದಿಂದ ಭಾಗಿಸುತ್ತಾ ಹೋಗಿ:

30 ಸೆಂ.ಮೀ. — 0.6 ನ್ಯೂಟನ್, ಹಗುರ ಗುಂಡಿಗೆ 120 ಮೀ/ಸೆ²
40 ಸೆಂ.ಮೀ. — 0.3375 ನ್ಯೂಟನ್, 67.5
60 ಸೆಂ.ಮೀ. — 0.15 ನ್ಯೂಟನ್, 30
90 ಸೆಂ.ಮೀ. — 0.067 ನ್ಯೂಟನ್, 13.3
3 ಮೀಟರ್ — 0.006 ನ್ಯೂಟನ್, 1.2

ಬರೀ 10 ಸೆಂ.ಮೀ. ದೂರ ಹೆಚ್ಚಾಗುವಷ್ಟರಲ್ಲಿ ವೇಗೋತ್ಕರ್ಷ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯಿತು. 60 ತಲುಪುವಾಗ ಕಾಲು ಭಾಗ. ನೀವು ದಾರಿಯುದ್ದಕ್ಕೂ 120 ಅಂತ ಹಾಕಿದ್ದರಿಂದ ಗುಂಡಿಗೆ ಇಲ್ಲದ ತಳ್ಳಾಟ ಕೊಟ್ಟ ಹಾಗಾಯಿತು, ಉತ್ತರ ದೊಡ್ಡದಾಗಿ ಬಂತು.

ಹಾಗಾದರೆ ದಾರಿ ಯಾವುದು? ಬದಲಾಗುತ್ತಾ ಹೋಗುವ ಬಲವನ್ನು ಹಿಂಬಾಲಿಸುವ ಬದಲು ಶಕ್ತಿಯ ಲೆಕ್ಕ ಹಿಡಿಯುವುದು. ದೂರದ ಪ್ರತಿಯೊಂದು ಸಣ್ಣ ತುಂಡಿನಲ್ಲೂ ಬಲ ಮಾಡುವ ಕೆಲಸವನ್ನು ಕೂಡಿಸಿದರೆ, ಅಂದರೆ ಇಂಟಿಗ್ರೇಟ್ ಮಾಡಿದರೆ, ಪ್ರಚ್ಛನ್ನ ಶಕ್ತಿಗೆ, ಅಂದರೆ ಗುಂಡುಗಳ ಜೋಡಿಯಲ್ಲಿ ಅಡಗಿರುವ ಶಕ್ತಿಗೆ, ಒಂದು ಚೊಕ್ಕ ಫಲ ಸಿಗುತ್ತದೆ: ಪ್ರಚ್ಛನ್ನ ಶಕ್ತಿ = 0.054 ÷ ದೂರ. ಗಮನಿಸಿ, ಇಲ್ಲಿ ದೂರದ ವರ್ಗ ಇಲ್ಲ, ಬರೀ ದೂರ.

30 ಸೆಂ.ಮೀ. ಇದ್ದಾಗ: 0.054 ÷ 0.3 = 0.18 ಜೂಲ್
60 ಸೆಂ.ಮೀ. ಇದ್ದಾಗ: 0.054 ÷ 0.6 = 0.09 ಜೂಲ್

ಕಡಿಮೆಯಾದ 0.09 ಜೂಲ್ ಎಲ್ಲೂ ಕಳೆದುಹೋಗಿಲ್ಲ, ಎರಡು ಗುಂಡುಗಳ ಚಲನ ಶಕ್ತಿಯಾಗಿದೆ. ಹಂಚಿಕೆ ಹೇಗೆ? ಅದಕ್ಕೆ ಸಂವೇಗ ಬೇಕು, ಅಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು, ದಿಕ್ಕಿನ ಸಮೇತ. ಶುರುವಿನಲ್ಲಿ ಎರಡೂ ನಿಂತಿದ್ದವು, ಒಟ್ಟು ಸಂವೇಗ ಸೊನ್ನೆ, ಹೊರಗಿನ ಬಲ ಇಲ್ಲ, ಹಾಗಾಗಿ ಕೊನೆಯವರೆಗೂ ಸೊನ್ನೆ. 5 ಗ್ರಾಂ ಗುಂಡಿನ ವೇಗ 10 ಗ್ರಾಂ ಗುಂಡಿನ ವೇಗದ ಎರಡರಷ್ಟು ಇರಲೇಬೇಕು. ನೀವು ಹಗುರ ಗುಂಡು 20, ಭಾರದ್ದು 10 ಸೆಂ.ಮೀ. ಸರಿಯುತ್ತದೆ ಅಂದದ್ದೂ ಇದರಿಂದಲೇ.

ಭಾರದ ಗುಂಡಿನ ವೇಗವನ್ನು "ವೇ" ಅಂತ ಕರೆಯೋಣ. ಹಗುರದ್ದು 2 ವೇ.

½ × 0.005 × (2 ವೇ)² + ½ × 0.010 × ವೇ² = 0.09
0.010 ವೇ² + 0.005 ವೇ² = 0.09
ವೇ² = 6

ಭಾರದ ಗುಂಡಿಗೆ 2.45 ಮೀ/ಸೆ, ಹಗುರ ಗುಂಡಿಗೆ 4.90 ಮೀ/ಸೆ. ನಿಮಗೆ ಕೊಟ್ಟಿದ್ದ ಉತ್ತರ ಇದೇ. ಇನ್ನೊಂದು ವಿಷಯ ಇಲ್ಲೇ ಕಾಣುತ್ತದೆ: ಬಲ ಸಮವಾಗಿದ್ದರೂ ಶಕ್ತಿ ಸಮವಾಗಿ ಹಂಚಿಲ್ಲ. 0.09ರಲ್ಲಿ 0.06 ಜೂಲ್ ಹಗುರ ಗುಂಡಿಗೆ, 0.03 ಭಾರದ ಗುಂಡಿಗೆ. ಅದೇ ಬಲದಲ್ಲಿ ಹಗುರ ಗುಂಡು ಎರಡರಷ್ಟು ದೂರ ಸರಿದಿದೆಯಲ್ಲ, ಅದಕ್ಕೇ.

ನಿಮ್ಮ ಸೂತ್ರವನ್ನು ಪೂರ್ತಿ ಬಿಸಾಡಬೇಕಿಲ್ಲ ಅಂತಲೂ ಹೇಳಬೇಕು. 0.09 ಜೂಲ್ ಕೆಲಸ 0.3 ಮೀಟರ್ ದೂರದಲ್ಲಿ ಆಗಿದೆ, ಹಾಗಾದರೆ ಸರಾಸರಿ ಬಲ 0.3 ನ್ಯೂಟನ್. ಶುರುವಿನ ಬಲ 0.6, ಕೊನೆಯದು 0.15. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 0.375 ಬರುತ್ತದೆ, ಅದು ತಪ್ಪು. ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ: 0.6 × 0.15 = 0.09, ವರ್ಗಮೂಲ ಸರಿಯಾಗಿ 0.3! ಇದು ಈ ಸಂಖ್ಯೆಗಳಿಗೆ ಮಾತ್ರ ಸೇರಿದ ಅದೃಷ್ಟವಲ್ಲ. ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುವ ಯಾವ ಬಲಕ್ಕಾದರೂ ದೂರದ ಮೇಲಿನ ಸರಾಸರಿ ಹೀಗೇ, ಗುಣೋತ್ತರ ಸರಾಸರಿ. ಆ 0.3 ಹಾಕಿದರೆ ಹಗುರ ಗುಂಡಿಗೆ ಸರಾಸರಿ ವೇಗೋತ್ಕರ್ಷ 60, ಮತ್ತು 2 × 60 × 0.2 = 24, ವರ್ಗಮೂಲ 4.90. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಸಮಯ ಉಳಿಸುತ್ತದೆ.

ಈಗ ನಿಮ್ಮ ತಪ್ಪು ಉತ್ತರದಲ್ಲೇ ಇರುವ ಒಂದು ಚಂದದ ವಿಷಯ ತೋರಿಸುತ್ತೇನೆ. ಗುಂಡುಗಳನ್ನು ಹಾಗೇ ಓಡಲು ಬಿಡಿ, ಹತ್ತು ಮೀಟರ್, ನೂರು ಮೀಟರ್, ಎಷ್ಟು ಬೇಕಾದರೂ. ಆಗ ಇಡೀ 0.18 ಜೂಲ್ ಚಲನ ಶಕ್ತಿಯಾಗುತ್ತದೆ. 0.015 ವೇ² = 0.18, ವೇ² = 12, ಭಾರದ ಗುಂಡಿಗೆ 3.46, ಹಗುರ ಗುಂಡಿಗೆ 6.93. ನೀವು ಬರೆದ ಅದೇ 6.93! ಯಾಕೆ ಹೀಗಾಯಿತು? ಶುರುವಿನ ಬಲ 0.6 ಅನ್ನು ಶುರುವಿನ ದೂರ 0.3ರಿಂದ ಗುಣಿಸಿ ನೋಡಿ: 0.18. ಅದೇ ಒಟ್ಟು ಪ್ರಚ್ಛನ್ನ ಶಕ್ತಿ. ಅಂದರೆ ಶುರುವಿನ ಬಲ ಬದಲಾಗದೆ ಇದ್ದಿದ್ದರೆ, ದೂರ ದುಪ್ಪಟ್ಟಾಗುವಷ್ಟರಲ್ಲೇ ಗುಂಡುಗಳು ತಮ್ಮ ಬೊಕ್ಕಸವನ್ನೆಲ್ಲ ಖರ್ಚು ಮಾಡಿಬಿಡುತ್ತಿದ್ದವು. ನಿಜದಲ್ಲಿ ಅಷ್ಟು ಖರ್ಚಾಗಲು ಅನಂತ ದೂರ ಬೇಕು. ನೀವು ಬರೆದದ್ದು ಈ ಗುಂಡು ಎಂದೂ ದಾಟಲಾಗದ ಮಿತಿಯ ವೇಗ.

ವೇಗ ಸಿಕ್ಕಿತು, ಸಮಯ ಎಷ್ಟು ಹಿಡಿಯಿತು ಅಂತ ಕೇಳಿದರೆ? ನೀವು ಕೇಳಿಲ್ಲ, ಆದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಶಕ್ತಿಯ ಲೆಕ್ಕ ಸಮಯ ಹೇಳಲ್ಲ. ಇದಕ್ಕೆ ಸೂತ್ರ ಇದೆ, ಸ್ವಲ್ಪ ಕಷ್ಟದ್ದು. ಅದಕ್ಕಿಂತ ಎಕ್ಸೆಲ್ ಹಾಳೆಯಲ್ಲೋ, ಸುಮ್ನೆ ನೋಟ್‌ಬುಕ್‌ನಲ್ಲೋ ಹೆಜ್ಜೆ ಹೆಜ್ಜೆಯಾಗಿ ಮಾಡುವುದು ನನಗೆ ಇಷ್ಟ, ಯಾಕೆಂದರೆ ವೇಗೋತ್ಕರ್ಷ ಕ್ಷಣಕ್ಷಣಕ್ಕೂ ಹೇಗೆ ಇಳಿಯುತ್ತದೆ ಅನ್ನುವುದು ಕೈಗೇ ಸಿಗುತ್ತದೆ.

ಎರಡೂ ಗುಂಡುಗಳ ವೇಗೋತ್ಕರ್ಷ ಕೂಡಿಸಿದರೆ ನಡುವಿನ ದೂರ ಬೆಳೆಯುವ ವೇಗೋತ್ಕರ್ಷ ಸಿಗುತ್ತದೆ: ಶುರುವಿನಲ್ಲಿ 120 + 60 = 180. 180 × 0.3² = 16.2, ಹಾಗಾಗಿ ಯಾವುದೇ ದೂರಕ್ಕೆ ಅದು 16.2 ÷ ದೂರ². ಈಗ 10 ಮಿಲಿಸೆಕೆಂಡ್‌ಗಳ ಹೆಜ್ಜೆ ಇಡೋಣ. ಮೊದಲ ಸಲ ವೇಗವನ್ನು ಅರ್ಧ ಹೆಜ್ಜೆ ಮಾತ್ರ ಮುಂದಕ್ಕೆ ಒಯ್ಯಿರಿ: 180 × 0.005 = 0.9 ಮೀ/ಸೆ. ಆ ವೇಗದಲ್ಲಿ 0.01 ಸೆಕೆಂಡ್ ಹೋದರೆ 0.9 ಸೆಂ.ಮೀ. ದೂರ 30.9 ಆಯಿತು. ಈ ಹೊಸ ದೂರಕ್ಕೆ ವೇಗೋತ್ಕರ್ಷ 16.2 ÷ 0.309² = 169.7. ಅದನ್ನು 0.01ರಿಂದ ಗುಣಿಸಿ ವೇಗಕ್ಕೆ ಸೇರಿಸಿ, 0.9 ಹೋಗಿ 2.6 ಆಯಿತು. ದೂರಕ್ಕೆ 2.6 ಸೆಂ.ಮೀ. ಸೇರಿಸಿ, 33.5. ಮತ್ತೆ ವೇಗೋತ್ಕರ್ಷ, ಅದು 144ಕ್ಕೆ ಇಳಿದಿದೆ. ಹೀಗೇ ಮುಂದುವರಿಸಿದರೆ 10 ಮಿಲಿಸೆಕೆಂಡ್‌ಗೊಂದರಂತೆ ದೂರಗಳು ಹೀಗೆ ಬರುತ್ತವೆ: 30, 30.9, 33.5, 37.5, 42.7, 48.8, 55.6, 62.8. ಏಳನೇ ಹೆಜ್ಜೆಯ ನಡುವೆ, ಸುಮಾರು 66 ಮಿಲಿಸೆಕೆಂಡ್‌ಗೆ, 60 ಸೆಂ.ಮೀ. ದಾಟುತ್ತದೆ. ಕಷ್ಟದ ಸೂತ್ರ ಕೊಡುವ ಉತ್ತರವೂ 66. ವೇಗೋತ್ಕರ್ಷ 180 ಆಗಿಯೇ ಇರುತ್ತದೆ ಅಂದುಕೊಂಡಿದ್ದರೆ 58 ಅಂತ ಬರುತ್ತಿತ್ತು. ಇಂಥ ಹೆಜ್ಜೆ ಲೆಕ್ಕ ಒಂದು ಸಲ ಕೈಯಾರೆ ಮಾಡಿದವರು ಬದಲಾಗುವ ವೇಗೋತ್ಕರ್ಷಕ್ಕೆ ಆ ಹಳೆಯ ಸೂತ್ರ ಹಾಕಲು ಮತ್ತೆ ಕೈ ಎತ್ತಲ್ಲ.

ಗುಂಡು ಬಿಟ್ಟು ನಿಜವಾದ ಕಣಗಳಿಗೆ ಹೋಗೋಣ. ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನ್ ಮತ್ತು ಪ್ರೋಟಾನ್ ನಡುವೆ 5.3 × 10⁻¹¹ ಮೀಟರ್. ಎರಡರ ಚಾರ್ಜ್ 1.6 × 10⁻¹⁹ ಕೂಲಂ. ಬಲ 8.2 × 10⁻⁸ ನ್ಯೂಟನ್. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಎಲೆಕ್ಟ್ರಾನಿನ ದ್ರವ್ಯರಾಶಿ 9.1 × 10⁻³¹ ಕಿ.ಗ್ರಾಂ. ಭಾಗಿಸಿ ನೋಡಿ, 9 × 10²² ಮೀ/ಸೆ². ಅದೇ ಬಲ ಪ್ರೋಟಾನಿಗೆ ಕೊಡುವ ವೇಗೋತ್ಕರ್ಷ 4.9 × 10¹⁹, ಎಲೆಕ್ಟ್ರಾನಿನದ್ದಕ್ಕಿಂತ 1836 ಪಟ್ಟು ಕಡಿಮೆ, ಯಾಕೆಂದರೆ ಅದರ ದ್ರವ್ಯರಾಶಿ 1836 ಪಟ್ಟು ಜಾಸ್ತಿ. ನಿಮ್ಮ ಎರಡು ಗುಂಡುಗಳ ಕಥೆಯೇ ಇದು, ಅಲ್ಲಿ ಅನುಪಾತ 2, ಇಲ್ಲಿ 1836. ಪ್ರೋಟಾನ್ ಅಲ್ಲಾಡದೆ ನಿಂತಿದೆ, ಎಲೆಕ್ಟ್ರಾನ್ ಮಾತ್ರ ಓಡುತ್ತದೆ ಅಂತ ಪುಸ್ತಕಗಳು ಧೈರ್ಯವಾಗಿ ಇಟ್ಟುಕೊಳ್ಳುವುದು ಈ ಅನುಪಾತದ ಬಲದಿಂದ.

ಈ ಲೆಕ್ಕಗಳಲ್ಲಿ ಗುರುತ್ವ ಯಾಕೆ ಸೇರಿಸಲ್ಲ ಅಂತಲೂ ಕೆಲವರು ಕೇಳುತ್ತಾರೆ. ಎಲೆಕ್ಟ್ರಾನ್ ಪ್ರೋಟಾನ್ ನಡುವೆ ವಿದ್ಯುತ್ ಬಲ ಗುರುತ್ವ ಬಲಕ್ಕಿಂತ ಸುಮಾರು 2.3 × 10³⁹ ಪಟ್ಟು ದೊಡ್ಡದು. ದೂರ ಎಷ್ಟೇ ಇರಲಿ ಈ ಅನುಪಾತ ಬದಲಾಗಲ್ಲ, ಎರಡೂ ಬಲಗಳು ದೂರದ ವರ್ಗಕ್ಕೆ ಒಂದೇ ಥರ ಇಳಿಯುತ್ತವೆ. ನಿಮ್ಮ ಗುಂಡುಗಳ ನಡುವಿನ ಗುರುತ್ವ ಸೆಳೆತ 3.7 × 10⁻¹⁴ ನ್ಯೂಟನ್. 0.6ರ ಪಕ್ಕದಲ್ಲಿ ಅದನ್ನು ಬರೆಯುವ ಅಗತ್ಯವೇ ಇಲ್ಲ.

ಇನ್ನೊಂದು ಉದಾಹರಣೆ ಕೊಡಲೇಬೇಕು, ಯಾಕೆಂದರೆ ನಿಮ್ಮ ಲೆಕ್ಕವನ್ನು ತಿರುಗಿಸಿ ಇಟ್ಟರೆ ಅದೇ ಇದು. ಗೈಗರ್ ಮತ್ತು ಮಾರ್ಸ್ಡೆನ್ 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ತೆಳು ಲೋಹದ ಹಾಳೆಗಳ ಮೇಲೆ ಆಲ್ಫಾ ಕಣ ಹಾಯಿಸಿದಾಗ ಕೆಲವು ಕಣಗಳು ಬಂದ ದಾರಿಗೆ ವಾಪಸ್ ಬಂದವು. ರುದರ್‌ಫೋರ್ಡ್ 1911ರಲ್ಲಿ ಅದಕ್ಕೆ ವಿವರಣೆ ಕೊಟ್ಟರು, ಪರಮಾಣುವಿನ ನಡುವೆ ಪುಟ್ಟ, ಗಟ್ಟಿ ಬೀಜ ಇದೆ ಅಂತ. 7.7 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಆಲ್ಫಾ ಕಣ ಚಿನ್ನದ ಬೀಜದ ಕಡೆಗೆ ನೇರವಾಗಿ ನುಗ್ಗಿದರೆ ಎಷ್ಟು ಹತ್ತಿರ ಹೋಗಬಹುದು? ಚಲನ ಶಕ್ತಿ 1.23 × 10⁻¹² ಜೂಲ್. ಆಲ್ಫಾದಲ್ಲಿ 2 ಪ್ರೋಟಾನ್, ಚಿನ್ನದಲ್ಲಿ 79. ಇಲ್ಲಿ ನಮ್ಮ 0.054ರ ಜಾಗದಲ್ಲಿ 3.64 × 10⁻²⁶ ಇದೆ. ಇಡೀ ಚಲನ ಶಕ್ತಿ ಪ್ರಚ್ಛನ್ನ ಶಕ್ತಿಯಾಗುವ ದೂರ ಅಂದರೆ ಒಂದನ್ನು ಇನ್ನೊಂದರಿಂದ ಭಾಗಿಸಿದ್ದು, ಸುಮಾರು 3 × 10⁻¹⁴ ಮೀಟರ್. ಅಲ್ಲಿ ಕಣದ ಮೇಲಿನ ಬಲ 42 ನ್ಯೂಟನ್! ನಾಲ್ಕು ಕಿಲೋಗೂ ಜಾಸ್ತಿ ತೂಕದ ಚೀಲ ಎತ್ತಲು ಬೇಕಾದಷ್ಟು ಬಲ, ಕಣ್ಣಿಗೆ ಕಾಣುವ ಮಾತೇ ಇಲ್ಲದ ಒಂದು ಕಣದ ಮೇಲೆ. ವೇಗೋತ್ಕರ್ಷ 6.3 × 10²⁷ ಮೀ/ಸೆ².

ಇಲ್ಲಿ ಒಂದು ಕ್ಷಣ ನಿಲ್ಲಿ. ಆ ಜಾಗದಲ್ಲಿ ಕಣದ ವೇಗ ಸೊನ್ನೆ. ವೇಗೋತ್ಕರ್ಷ ಮಾತ್ರ ಇಡೀ ಪ್ರಯಾಣದಲ್ಲೇ ಅತಿ ಹೆಚ್ಚು. ನಿಮ್ಮ ಗುಂಡುಗಳಿಗೂ ಹಾಗೇ: ಬಿಟ್ಟ ಕ್ಷಣದಲ್ಲಿ ವೇಗ ಸೊನ್ನೆ, ವೇಗೋತ್ಕರ್ಷ 120. ದೂರ ಹೋದಂತೆ ವೇಗ ಏರುತ್ತದೆ, ವೇಗೋತ್ಕರ್ಷ ಇಳಿಯುತ್ತದೆ. ವೇಗ ಜಾಸ್ತಿ ಇದ್ದಲ್ಲಿ ವೇಗೋತ್ಕರ್ಷವೂ ಜಾಸ್ತಿ ಇರಬೇಕು ಅನ್ನುವ ಅನಿಸಿಕೆ ತುಂಬಾ ಜನರಲ್ಲಿ ಕೂತುಬಿಟ್ಟಿದೆ. ಇವೆರಡೂ ಬೇರೆ ಬೇರೆ.

ಮೂರನೇ ಚಾರ್ಜ್ ಬಂದಾಗ ಆಗುವ ಗೊಂದಲದ ಬಗ್ಗೆಯೂ ಎರಡು ಮಾತು, ಮುಂದಿನ ಪಾಠದಲ್ಲಿ ನಿಮಗೆ ಅದೇ ಬರುತ್ತದೆ. 2 ಗ್ರಾಂ ತೂಗುವ, +1 ಮೈಕ್ರೋಕೂಲಂ ಇರುವ ಗುಂಡಿನ ಪಶ್ಚಿಮಕ್ಕೆ 30 ಸೆಂ.ಮೀ. ದೂರದಲ್ಲಿ +2 ಮೈಕ್ರೋಕೂಲಂ, ಉತ್ತರಕ್ಕೆ 30 ಸೆಂ.ಮೀ. ದೂರದಲ್ಲಿ −1.5 ಮೈಕ್ರೋಕೂಲಂ ಇದೆ ಅಂದುಕೊಳ್ಳಿ. ಮೊದಲನೆಯದು ಇದನ್ನು ಪೂರ್ವಕ್ಕೆ 0.2 ನ್ಯೂಟನ್‌ನಿಂದ ತಳ್ಳುತ್ತದೆ. ಎರಡನೆಯದು ಉತ್ತರಕ್ಕೆ 0.15 ನ್ಯೂಟನ್‌ನಿಂದ ಎಳೆಯುತ್ತದೆ. ಮೈನಸ್ ಚಿಹ್ನೆಯನ್ನು ಸೂತ್ರಕ್ಕೆ ತುರುಕಿ 0.2 − 0.15 = 0.05 ಅಂತ ಬರೆಯುವವರು ಬಹಳ. ಚಿಹ್ನೆಯ ಕೆಲಸ ತಳ್ಳುತ್ತದೋ ಎಳೆಯುತ್ತದೋ ಅಂತ ಹೇಳುವುದು, ಅಷ್ಟೇ. ಪರಿಮಾಣವನ್ನು ಚಿಹ್ನೆ ಇಲ್ಲದೆ ಲೆಕ್ಕ ಹಾಕಿ, ದಿಕ್ಕನ್ನು ಬಾಣ ಬರೆದು ನೋಡಿ. ಎರಡು ಬಾಣಗಳು ಲಂಬವಾಗಿವೆ, ಆದ್ದರಿಂದ ಒಟ್ಟು ಬಲ 0.25 ನ್ಯೂಟನ್, ಪೂರ್ವದಿಂದ ಉತ್ತರಕ್ಕೆ ಸುಮಾರು 37 ಡಿಗ್ರಿ ಓರೆಯಾಗಿ. ವೇಗೋತ್ಕರ್ಷ 0.25 ÷ 0.002 = 125 ಮೀ/ಸೆ², ಅದೇ ದಿಕ್ಕಿನಲ್ಲಿ. ಆ ಕ್ಷಣಕ್ಕೆ ಮಾತ್ರ, ಅದನ್ನು ಮತ್ತೆ ಹೇಳಬೇಕಿಲ್ಲ ಅಲ್ವಾ?

ಒಂದು ಪ್ರಾಮಾಣಿಕ ಮಾತು. ನಿಮ್ಮ ಲೆಕ್ಕದ ಗುಂಡುಗಳನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಲು ಹೋದರೆ ಆಗಲ್ಲ. ಮೇಲ್ಮೈಯಲ್ಲಿ ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ದಾಟಿದರೆ ಗಾಳಿಯೇ ಕಿಡಿ ಹಾರಿಸಿ ಚಾರ್ಜನ್ನು ಕಳೆದುಬಿಡುತ್ತದೆ. 2 ಮೈಕ್ರೋಕೂಲಂ ಹಿಡಿದಿಡಲು ಗುಂಡಿನ ತ್ರಿಜ್ಯ ಕನಿಷ್ಠ 7.7 ಸೆಂ.ಮೀ. ಬೇಕು, 5 ಗ್ರಾಂನ "ಸಣ್ಣ ಗುಂಡು" ಆಗುವ ಮಾತಲ್ಲ. ಲೆಕ್ಕ ಬರೆಯುವವರು ಸುಲಭ ಸಂಖ್ಯೆ ಸಿಗಲಿ ಅಂತ ಮೈಕ್ರೋಕೂಲಂ ಬರೆಯುತ್ತಾರೆ, ಅದರಿಂದ ಮಕ್ಕಳಿಗೆ ಒಂದು ಮೈಕ್ರೋಕೂಲಂ ಅಂದರೆ ಎಷ್ಟು ದೊಡ್ಡದು ಅನ್ನುವ ಅಂದಾಜೇ ಇಲ್ಲದಂತಾಗಿದೆ. ಇದು ನನಗೆ ಸರಿ ಕಾಣಲ್ಲ.

ನಿಜದಲ್ಲಿ ಸಿಗುವ ಅಳತೆ ಬೇಕಾದರೆ, 1 ಸೆಂ.ಮೀ. ತ್ರಿಜ್ಯದ ಎರಡು ಥರ್ಮಕೋಲ್ ಉಂಡೆಗಳು ತೆಗೆದುಕೊಳ್ಳಿ, ಒಂದೊಂದೂ ಸುಮಾರು 0.1 ಗ್ರಾಂ. ಒಂದೊಂದಕ್ಕೂ 20 ನ್ಯಾನೋಕೂಲಂ ಚಾರ್ಜ್, ಕೇಂದ್ರಗಳ ನಡುವೆ 5 ಸೆಂ.ಮೀ. ಬಲ 0.00144 ನ್ಯೂಟನ್, ವೇಗೋತ್ಕರ್ಷ 14.4 ಮೀ/ಸೆ². ಉಂಡೆಯ ತೂಕಕ್ಕಿಂತ ವಿದ್ಯುತ್ ಬಲವೇ ಜಾಸ್ತಿ, ದಾರಕ್ಕೆ ಕಟ್ಟಿ ತೂಗಿಬಿಟ್ಟರೆ ಕಣ್ಣಿಗೆ ಕಾಣುವಂತೆ ದೂರ ಸರಿಯುತ್ತವೆ. ಇದನ್ನು ಜನವರಿ, ಫೆಬ್ರುವರಿಯ ಒಣ ಹವೆಯಲ್ಲಿ ಮಾಡಿ. ಮಳೆಗಾಲದ ಕರಾವಳಿಯಲ್ಲಿ ತೇವಾಂಶ ಮೇಲ್ಮೈಗೆ ಅಂಟಿ ಚಾರ್ಜ್ ಸೋರಿಹೋಗುತ್ತದೆ, ಎಷ್ಟು ಉಜ್ಜಿದರೂ ಉಂಡೆ ಕದಲಲ್ಲ. ಇನ್ನೊಂದು ಎಚ್ಚರಿಕೆ: ಉಂಡೆಗಳು ಲೋಹದ್ದಾಗಿದ್ದು ತುಂಬಾ ಹತ್ತಿರ ಇದ್ದರೆ ಚಾರ್ಜ್ ಮೇಲ್ಮೈಯಲ್ಲಿ ಜರುಗುತ್ತದೆ, ಆಗ ಕೇಂದ್ರದಿಂದ ಕೇಂದ್ರಕ್ಕೆ ದೂರ ಹಾಕುವ ಸರಳ ಸೂತ್ರ ಸರಿಯಾದ ಉತ್ತರ ಕೊಡಲ್ಲ.

ಈಗ ನಿಮ್ಮ ಸರದಿ. ಅದೇ ಲೆಕ್ಕ, ಆದರೆ ಭಾರದ ಗುಂಡನ್ನು ಮೇಜಿಗೆ ಅಂಟಿಸಿಬಿಡಿ, ಹಗುರ ಗುಂಡನ್ನು ಮಾತ್ರ ಬಿಡಿ. ದೂರ 60 ಸೆಂ.ಮೀ. ಆದಾಗ ಅದರ ವೇಗ ಎಷ್ಟು? ಶುರುವಿನ ಬಲ 0.6, ವೇಗೋತ್ಕರ್ಷ 120, ಎರಡೂ ಬದಲಾಗಿಲ್ಲ. ಸಂವೇಗದ ಸಮೀಕರಣ ಮಾತ್ರ ಇಲ್ಲಿ ನಡೆಯಲ್ಲ, ಯಾಕೆಂದರೆ ಮೇಜು ಭಾರದ ಗುಂಡನ್ನು ಹಿಡಿದಿದೆ, ಹೊರಗಿನ ಬಲ ಬಂತು. 0.09 ಜೂಲ್ ಪೂರ್ತಿ ಒಂದೇ ಗುಂಡಿಗೆ ಹೋಗುತ್ತದೆ. ಸರಿಯಾಗಿ 6 ಮೀ/ಸೆ ಬರಬೇಕು. ಬೇರೆ ಏನಾದರೂ ಬಂದರೆ ಹೆಜ್ಜೆಗಳ ಸಮೇತ ಬರೆದು ಕಳಿಸಿ, ಎಲ್ಲಿ ಹೋಯಿತು ಅಂತ ಒಟ್ಟಿಗೆ ನೋಡೋಣ.